ಟ್ರಾನ್ಸಿಸ್ಟರಿಗೂ ಒಂದು ಕೋಡಿ

ರಾಯದುರ್ಗ ಮತ್ತು ಮಡಕಶಿರಾ ಸೀಮೆಯಂತಹ ಬಯಲುನಾಡಿನಲ್ಲಿ ಕೆರೆ ಕಟ್ಟುವವರು ಏರಿಯ ಎತ್ತರವನ್ನು ಎಷ್ಟು ಎಚ್ಚರದಿಂದ ಗೊತ್ತುಮಾಡಬೇಕೋ ಕೋಡಿಯ ಮಟ್ಟವನ್ನೂ ಅಷ್ಟೇ ಎಚ್ಚರದಿಂದ ಗೊತ್ತುಮಾಡಬೇಕು. ಕೋಡಿ ತೀರ ತಗ್ಗಿನಲ್ಲಿದ್ದರೆ ಕೆರೆ ತುಂಬುವ ಮೊದಲೇ ನೀರು ಹರಿದು ಹೋಗುತ್ತದೆ, ಏರಿಯ ತಲೆಗೆ ತೀರ ಹತ್ತಿರವಿದ್ದರೆ ಒಂದೇ ರಾತ್ರಿಯ ಮಳೆಗೆ ಏರಿ ಒಡೆಯುತ್ತದೆ. ಈ ಸೀಮೆಯ ಹೊಲಗಳಿಗೆ ಇಂದು ನೀರುಣಿಸುತ್ತಿರುವುದು ಬಹುಮಟ್ಟಿಗೆ ಕೆರೆಯಲ್ಲ, ಕೊಳವೆಬಾವಿ. ನೀರುಗಂಟಿ ತೂಬನ್ನು ಎತ್ತಿ ಇಳಿಸುತ್ತಿದ್ದ ಕೆಲಸವನ್ನು ಈಗ ಪಂಪಿನ ಪಕ್ಕದ ಕಂಬಕ್ಕೆ ಬಿಗಿದ ಕಂಟ್ರೋಲರ್ ಪೆಟ್ಟಿಗೆಯೊಳಗೆ ಅಂಗೈಯಗಲದ ಒಂದು ಟ್ರಾನ್ಸಿಸ್ಟರ್ ಮಾಡ್ಯೂಲು ಸೆಕೆಂಡಿಗೆ ಸಾವಿರಾರು ಸಲ ಮಾಡುತ್ತಿದೆ. ಆ ಮಾಡ್ಯೂಲು ಸುಟ್ಟಾಗ ಪಂಪು ನಿಲ್ಲುತ್ತದೆ, ಬೆಳೆ ಬಾಡುತ್ತದೆ. ಅದು ಸುಡುವ ಮುಖ್ಯ ಕಾರಣಗಳಲ್ಲಿ ಒಂದು, ಕೆರೆಯ ಏರಿ ಒಡೆಯುವ ಕಾರಣವೇ ಆಗಿದೆ: ಹೆಚ್ಚಾದುದು ಹೊರಗೆ ಹೋಗಲು ಸರಿಯಾದ ಮಟ್ಟದಲ್ಲಿ ಒಂದು ದಾರಿ ಇಲ್ಲದಿರುವುದು.

ಮಡಕಶಿರಾ ಸೀಮೆಯಲ್ಲಿ ರತ್ನಗಿರಿ ಕೋಟೆಯಿರುವ ರೊಳ್ಳ, ಅದರ ಸುತ್ತಲಿನ ಅಗಳಿ, ಅಮರಾಪುರ, ಗುಡಿಬಂಡ, ಇವೆಲ್ಲ ಆಂಧ್ರಪ್ರದೇಶಕ್ಕೆ ಸೇರಿದ್ದರೂ ಮನೆಮಾತು ಕನ್ನಡವಾಗಿರುವ ಊರುಗಳು ತುಂಬಿರುವ ಮಂಡಲಗಳು. ಅನಂತಪುರ ಜಿಲ್ಲೆಯಲ್ಲಿದ್ದ ಮಡಕಶಿರಾ 2022ರ ಜಿಲ್ಲಾ ಮರುವಿಂಗಡಣೆಯಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಮಳೆ ಕಡಿಮೆ, ಬಿಸಿಲು ಮತ್ತು ಗಾಳಿ ಹೆಚ್ಚು. ಈ ಎರಡು ಗುಣಗಳಿಂದಲೇ ಈ ಭಾಗ ಕಳೆದ ಕೆಲವು ದಶಕಗಳಲ್ಲಿ ದೇಶದ ವಿದ್ಯುತ್ ನಕಾಶೆಯಲ್ಲಿ ಸ್ಥಾನ ಪಡೆದಿದೆ: 1990ರ ದಶಕದಲ್ಲಿ ರಾಮಗಿರಿಯ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಬಂದವು, ಮಡಕಶಿರಾದ ಗಡಿಗೆ ತಾಗಿದ ಪಾವಗಡ ತಾಲ್ಲೂಕಿನಲ್ಲಿ 2018ರ ಮಾರ್ಚಿನಲ್ಲಿ ಸೌರ ಪಾರ್ಕು ಉದ್ಘಾಟನೆಯಾಯಿತು, ಹೊಲಗಳಲ್ಲಿ ಸೌರ ಪಂಪುಗಳು ಕಾಣತೊಡಗಿದವು. ಫಲಕದ ನೇರ ವಿದ್ಯುತ್ತನ್ನು ಮೋಟಾರಿಗೆ ಬೇಕಾದ ಪರ್ಯಾಯ ವಿದ್ಯುತ್ತಾಗಿ ಮಾರ್ಪಡಿಸುವುದಾಗಲಿ, ಗಾಳಿಯ ಏರಿಳಿತದಿಂದ ಬಂದ ವಿದ್ಯುತ್ತನ್ನು ಗ್ರಿಡ್ಡಿನ ಲಯಕ್ಕೆ ಹೊಂದಿಸುವುದಾಗಲಿ, ಎಲ್ಲವೂ ನಡೆಯುವುದು ಟ್ರಾನ್ಸಿಸ್ಟರುಗಳ ಮೂಲಕ. ಆದ್ದರಿಂದ ಅವುಗಳನ್ನು ಅತಿವೋಲ್ಟೇಜಿನಿಂದ ಕಾಪಾಡುವ ವಿದ್ಯೆ ಈ ಸೀಮೆಗೆ ದೂರದ ಪ್ರಯೋಗಶಾಲೆಯ ವಿಷಯವಲ್ಲ.

ಶಕ್ತಿ ಪರಿವರ್ತನೆಯ ವಿದ್ಯುನ್ಮಂಡಲಗಳಲ್ಲಿ (ಸರ್ಕಿಟ್ಟುಗಳಲ್ಲಿ) ಟ್ರಾನ್ಸಿಸ್ಟರು ರೇಡಿಯೊದಲ್ಲಿರುವಂತೆ ಸಂಕೇತವನ್ನು ಹಿಗ್ಗಿಸುವ ಸಾಧನವಾಗಿರುವುದಿಲ್ಲ. ಅದು ಪೂರ್ತಿ ತೆರೆದಿರುವ ಇಲ್ಲವೇ ಪೂರ್ತಿ ಮುಚ್ಚಿರುವ ಸ್ವಿಚ್ಚು. ವಿದ್ಯುತ್ತು ಹರಿಯುತ್ತಿರುವಾಗ ಅದರ ಎರಡು ತುದಿಗಳ ನಡುವೆ ಒಂದೆರಡು ವೋಲ್ಟ್ ಮಾತ್ರ ಉಳಿಯುತ್ತದೆ, ನಿಂತಾಗ ನೂರಾರು ವೋಲ್ಟ್ ನಿಲ್ಲುತ್ತದೆಯಾದರೂ ಪ್ರವಾಹ ಶೂನ್ಯ. ಶಾಖವೆಂದರೆ ವೋಲ್ಟೇಜು ಮತ್ತು ಪ್ರವಾಹಗಳ ಗುಣಲಬ್ಧವಾದ್ದರಿಂದ ಎರಡೂ ಸ್ಥಿತಿಯಲ್ಲಿ ಶಾಖ ಕಡಿಮೆ. ಅಪಾಯವಿರುವುದು ಈ ಎರಡು ಸ್ಥಿತಿಗಳ ನಡುವಿನ ದಾಟಿನಲ್ಲಿ, ಅದರಲ್ಲೂ ಮುಚ್ಚುವ ಕ್ಷಣದಲ್ಲಿ. ಈ ಕ್ಷಣವನ್ನು ಅರ್ಥಮಾಡಿಕೊಳ್ಳಲು ಪಂಪ್‌ಸೆಟ್ ಇಟ್ಟುಕೊಂಡ ಯಾವ ರೈತನಿಗೂ ಗೊತ್ತಿರುವ ಒಂದು ಸಂಗತಿ ಸಾಕು: ನೀರು ರಭಸದಿಂದ ಹರಿಯುತ್ತಿರುವ ಉದ್ದನೆಯ ಪೈಪಿನ ಗೇಟ್ ವಾಲ್ವನ್ನು ಒಮ್ಮೆಲೇ ಮುಚ್ಚಿದರೆ ಪೈಪು ದಡಕ್ಕೆಂದು ಅದುರುತ್ತದೆ, ಕೆಲವೊಮ್ಮೆ ಜಾಯಿಂಟು ಕಿತ್ತುಕೊಂಡು ಬರುತ್ತದೆ. ಚಲಿಸುತ್ತಿದ್ದ ನೀರಿನ ಕಂಬಕ್ಕೆ ನಿಲ್ಲಲು ಮನಸ್ಸಿಲ್ಲ. ನಿಲ್ಲಿಸಿದ ಜಾಗದಲ್ಲಿ ಅದು ಒತ್ತಡವಾಗಿ ಮಾರ್ಪಡುತ್ತದೆ.

ತಂತಿಯ ಸುರುಳಿಯಲ್ಲಿ ಹರಿಯುವ ಪ್ರವಾಹಕ್ಕೂ ಇಂಥದೇ ಜಡತ್ವವಿದೆ. ಪ್ರವಾಹ ಹರಿದಾಗ ಸುರುಳಿಯ ಸುತ್ತ ಕಾಂತಕ್ಷೇತ್ರ ಹುಟ್ಟಿ ಅದರಲ್ಲಿ ಶಕ್ತಿ ಸಂಗ್ರಹವಾಗುತ್ತದೆ. ಪ್ರವಾಹವನ್ನು ತಡೆಯಹೊರಟರೆ ಆ ಶಕ್ತಿ ಪ್ರವಾಹವನ್ನು ಮುಂದುವರಿಸಲು ಬೇಕಾದಷ್ಟು ವೋಲ್ಟೇಜನ್ನು ತಾನೇ ಹುಟ್ಟಿಸುತ್ತದೆ. ಅಮೆರಿಕದ ಜೋಸೆಫ್ ಹೆನ್ರಿ 1832ರಲ್ಲಿ ಉದ್ದನೆಯ ತಂತಿಯ ಸಂಪರ್ಕವನ್ನು ಬಿಡಿಸಿದಾಗ ಕಿಡಿ ಹಾರುವುದನ್ನು ವರದಿ ಮಾಡಿದುದು ಇದನ್ನೇ, ಮತ್ತು ಈ ಜಡತ್ವದ ಅಳತೆಗೆ, ಅಂದರೆ ಪ್ರೇರಕತೆಗೆ, ಹೆನ್ರಿ ಎಂಬ ಮೂಲಮಾನ ಬಂದುದು ಅವನ ಹೆಸರಿನಿಂದಲೇ. ಪೆಟ್ರೋಲ್ ಕಾರಿನ ಸ್ಪಾರ್ಕ್ ಪ್ಲಗ್ಗಿಗೆ ಹನ್ನೆರಡು ವೋಲ್ಟಿನ ಬ್ಯಾಟರಿಯಿಂದ ಸಾವಿರಾರು ವೋಲ್ಟಿನ ಕಿಡಿ ಸಿಗುವುದು ಕಾಯಿಲ್ಲಿನ ಪ್ರವಾಹವನ್ನು ಹಠಾತ್ತನೆ ಕತ್ತರಿಸುವುದರಿಂದ. ಅಲ್ಲಿ ಬೇಕಾಗಿರುವುದು ಇಲ್ಲಿ ಮಾರಕ.

ಮೋಟಾರಿನ ಸುರುಳಿ ದೊಡ್ಡದು, ಆದ್ದರಿಂದ ಅದರ ವಿಷಯದಲ್ಲಿ ಎಲ್ಲರೂ ಎಚ್ಚರವಾಗಿರುತ್ತಾರೆ. ಅದರ ಪ್ರವಾಹ ಸ್ವಿಚ್ಚು ಮುಚ್ಚಿದಾಗ ಬೇರೊಂದು ಹಾದಿಯಲ್ಲಿ ಸುತ್ತುವಂತೆ ಪ್ರತಿಯೊಂದು ಟ್ರಾನ್ಸಿಸ್ಟರಿನ ಜೊತೆಗೆ ತಿರುವುಮುರುವಾಗಿ ಒಂದು ಡಯೋಡನ್ನು ಜೋಡಿಸಿರುತ್ತಾರೆ. ಡಯೋಡೆಂದರೆ ಪ್ರವಾಹವನ್ನು ಒಂದೇ ದಿಕ್ಕಿಗೆ ಬಿಡುವ ಕವಾಟ. ಆದರೆ ಕಣ್ಣಿಗೆ ಸುರುಳಿಯಂತೆ ಕಾಣದ ಪ್ರೇರಕತೆಯೊಂದು ಉಳಿದುಬಿಡುತ್ತದೆ: ಕೆಪಾಸಿಟರಿನಿಂದ ಟ್ರಾನ್ಸಿಸ್ಟರಿನವರೆಗಿನ ತಾಮ್ರದ ಪಟ್ಟಿ, ಅದನ್ನು ಬಿಗಿಯುವ ಬೋಲ್ಟು, ಮಾಡ್ಯೂಲಿನ ಒಳಗಿನ ಕೂದಲೆಳೆಯಂಥ ತಂತಿ, ಇವುಗಳಿಗೂ ಸ್ವಲ್ಪ ಸ್ವಲ್ಪ ಜಡತ್ವವಿದೆ, ಮತ್ತು ಡಯೋಡು ಇದನ್ನು ಕಾಯುವುದಿಲ್ಲ. ಇಂಥ ದಾರಿಯ ಒಟ್ಟು ಪ್ರೇರಕತೆ ನೂರು ನ್ಯಾನೊಹೆನ್ರಿ, ಅಂದರೆ ಒಂದು ಹೆನ್ರಿಯ ಕೋಟಿಯಲ್ಲೊಂದು ಭಾಗ, ಎಂದಿಟ್ಟುಕೊಳ್ಳಬಹುದು. ನೂರು ಆಂಪಿಯರ್ ಪ್ರವಾಹವನ್ನು ಟ್ರಾನ್ಸಿಸ್ಟರು ನೂರು ನ್ಯಾನೊಸೆಕೆಂಡಿನಲ್ಲಿ ನಿಲ್ಲಿಸಿದರೆ ಪ್ರವಾಹ ಇಳಿಯುವ ವೇಗ ಸೆಕೆಂಡಿಗೆ ನೂರು ಕೋಟಿ ಆಂಪಿಯರ್. ಪ್ರೇರಕತೆಯನ್ನು ಈ ವೇಗದಿಂದ ಗುಣಿಸಿದರೆ ನೂರು ವೋಲ್ಟ್. ಆರುನೂರು ವೋಲ್ಟಿನ ಮಂಡಲದಲ್ಲಿ ಆ ಟ್ರಾನ್ಸಿಸ್ಟರು ಕಾಣುವುದು ಏಳುನೂರನ್ನು. ಪಟ್ಟಿಯ ಉದ್ದ ಎರಡರಷ್ಟಾದರೆ ಎಂಟುನೂರರ ಹತ್ತಿರಕ್ಕೆ ಹೋಗುತ್ತದೆ, ಟ್ರಾನ್ಸಿಸ್ಟರಿನ ವೇಗ ಎರಡರಷ್ಟಾದರೂ ಅಷ್ಟೇ. ಸಾಧಾರಣ ಮೀಟರಿಗೆ ಈ ಏರಿಕೆ ಕಾಣುವುದೇ ಇಲ್ಲ. ಮೀಟರು ಆರುನೂರು ಎಂದೇ ತೋರಿಸುತ್ತಿರುತ್ತದೆ. ರಿಪೇರಿಯ ಮೇಜಿನ ಮೇಲೆ ಅರ್ಥವಾಗದೆ ಉಳಿಯುವ ಎಷ್ಟೋ ಸಾವುಗಳ ಮೂಲ ಇಲ್ಲಿದೆ.

ಏರಿ ಒಡೆಯುವುದು ಹೇಗೆ ಎಂಬುದನ್ನೂ ನೋಡಬೇಕು. ಸಿಲಿಕಾನಿನ ಒಳಗೆ ವಿದ್ಯುತ್ ಕ್ಷೇತ್ರ ಸುಮಾರಾಗಿ ಸೆಂಟಿಮೀಟರಿಗೆ ಮೂರು ಲಕ್ಷ ವೋಲ್ಟಿನ ಮಟ್ಟ ತಲುಪಿದಾಗ, ಅಲ್ಲಿ ಅಲೆಯುವ ಒಂದು ಎಲೆಕ್ಟ್ರಾನು ಹರಳಿನ ಪರಮಾಣುವಿಗೆ ಡಿಕ್ಕಿ ಹೊಡೆದು ಇನ್ನೊಂದನ್ನು ಬಿಡಿಸುತ್ತದೆ, ಆ ಎರಡು ನಾಲ್ಕನ್ನು, ನಾಲ್ಕು ಎಂಟನ್ನು. ಬೆಟ್ಟದಿಂದ ಉರುಳಿದ ಒಂದು ಕಲ್ಲು ನೂರು ಕಲ್ಲುಗಳನ್ನು ಎಬ್ಬಿಸಿಕೊಂಡು ಬರುವಂತೆ ಪ್ರವಾಹ ನುಗ್ಗುತ್ತದೆ. ಇದನ್ನು ಅವಲಾಂಚ್ ಎನ್ನುತ್ತಾರೆ. ನುಗ್ಗಿದ ಪ್ರವಾಹ ಚಿಪ್ಪಿನ ತುಂಬ ಸಮವಾಗಿ ಹಂಚಿಕೆಯಾದರೆ ಟ್ರಾನ್ಸಿಸ್ಟರು ಬದುಕುತ್ತದೆ, ಒಂದು ಬಿಂದುವಿನಲ್ಲಿ ಕೇಂದ್ರೀಕರಿಸಿದರೆ ಅಲ್ಲಿ ಸಿಲಿಕಾನು ಕರಗಿ ಶಾಶ್ವತವಾದ ಒಂದು ತೂತು ಉಳಿಯುತ್ತದೆ. ಮಾಸ್‌ಫೆಟ್ ಎಂಬ ಜಾತಿಯ ಟ್ರಾನ್ಸಿಸ್ಟರುಗಳು ಇಷ್ಟು ಮಿಲಿಜೂಲು ಅವಲಾಂಚ್ ಶಕ್ತಿಯನ್ನು ತಾಳಬಲ್ಲವು ಎಂದು ತಯಾರಕರೇ ನಮೂದಿಸುತ್ತಾರೆ. ಪಂಪು ಮತ್ತು ಇನ್ವರ್ಟರುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ, ಐಜಿಬಿಟಿ ಎಂಬ ಇನ್ನೊಂದು ಜಾತಿಯ ಟ್ರಾನ್ಸಿಸ್ಟರುಗಳಿಗೆ ಸಾಮಾನ್ಯವಾಗಿ ಅಂಥ ಆಶ್ವಾಸನೆ ಇರುವುದಿಲ್ಲ.

ಹಾಗಾದರೆ ಏರಿಯನ್ನೇ ಎತ್ತರಿಸಬಾರದೇಕೆ, ಅಂದರೆ ಎರಡುಪಟ್ಟು ವೋಲ್ಟೇಜು ತಾಳುವ ಟ್ರಾನ್ಸಿಸ್ಟರನ್ನೇ ಹಾಕಬಾರದೇಕೆ ಎಂಬ ಪ್ರಶ್ನೆ ಸಹಜ. ಹೆಚ್ಚು ವೋಲ್ಟೇಜು ತಾಳಬೇಕಾದರೆ ಸಿಲಿಕಾನಿನ ಪದರ ದಪ್ಪವಾಗಬೇಕು, ಅದರಲ್ಲಿ ಬೆರೆಸಿದ ಕಲಬೆರಕೆ ಧಾತುವಿನ ಪ್ರಮಾಣ ತಗ್ಗಬೇಕು. ಎರಡೂ ಸೇರಿ ಮಾಸ್‌ಫೆಟ್ಟಿನ ರೋಧವನ್ನು, ತಾಳಿಕೆಯ ವೋಲ್ಟೇಜು ಎರಡರಷ್ಟಾದರೆ ಐದುಪಟ್ಟಿಗೂ ಮೀರಿ ಹೆಚ್ಚಿಸುತ್ತವೆ. ಕಳೆಯುವ ಶಾಖವೂ ಅದೇ ಲೆಕ್ಕದಲ್ಲಿ ಏರುತ್ತದೆ. ಈ ಬಿಕ್ಕಟ್ಟಿನಿಂದ ಪಾರಾಗುವ ದಾರಿಯನ್ನು ತೋರಿದವರಲ್ಲಿ ಪ್ರಮುಖರು ಬಂಟ್ವಾಳ ಜಯಂತ ಬಾಳಿಗ. ಹೆಸರಿನಲ್ಲೇ ದಕ್ಷಿಣ ಕನ್ನಡದ ಊರನ್ನು ಹೊತ್ತಿರುವ ಅವರು 1948ರಲ್ಲಿ ಮದರಾಸಿನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಬೆಳೆದು, ಬಿಷಪ್ ಕಾಟನ್ ಶಾಲೆಯಲ್ಲಿ ಓದಿ, 1969ರಲ್ಲಿ ಮದರಾಸಿನ ಐಐಟಿಯಿಂದ ಪದವಿ ಪಡೆದರು. ಜನರಲ್ ಎಲೆಕ್ಟ್ರಿಕ್ ಕಂಪನಿಯ ಪ್ರಯೋಗಾಲಯದಲ್ಲಿದ್ದಾಗ, 1980ರ ಆಸುಪಾಸಿನಲ್ಲಿ, ಮಾಸ್‌ಫೆಟ್ಟಿನ ಸುಲಭ ನಿಯಂತ್ರಣವನ್ನೂ ಹಳೆಯ ಬೈಪೋಲಾರ್ ಟ್ರಾನ್ಸಿಸ್ಟರಿನ ಕಡಿಮೆ ರೋಧವನ್ನೂ ಒಂದೇ ಚಿಪ್ಪಿನಲ್ಲಿ ಕೂಡಿಸಿ ಐಜಿಬಿಟಿಯನ್ನು ರೂಪಿಸಿದರು. ಅಮೆರಿಕದ ಆರ್‌ಸಿಎ ಕಂಪನಿಯಲ್ಲೂ ಜಪಾನಿನ ತೋಷಿಬಾದಲ್ಲೂ ಇದೇ ಕಾಲದಲ್ಲಿ ಸಮಾನಾಂತರ ಕೆಲಸ ನಡೆದಿತ್ತು, ಮತ್ತು ಒಮ್ಮೆ ತೆರೆದ ಮೇಲೆ ಮುಚ್ಚಲಾಗದೆ ಸಿಕ್ಕಿಹಾಕಿಕೊಳ್ಳುವ ದೋಷವನ್ನು ನೀಗಿಸುವಲ್ಲಿ ತೋಷಿಬಾದ ಅಕಿಯೊ ನಕಗಾವ ಅವರ 1984ರ ಕೆಲಸ ನಿರ್ಣಾಯಕವಾಯಿತು ಎಂಬುದನ್ನೂ ಹೇಳಬೇಕು. ಬಾಳಿಗರಿಗೆ 2011ರಲ್ಲಿ ಅಮೆರಿಕದ ಅಧ್ಯಕ್ಷರಿಂದ ರಾಷ್ಟ್ರೀಯ ತಂತ್ರಜ್ಞಾನ ಪದಕವೂ 2024ರಲ್ಲಿ ಫಿನ್ಲೆಂಡಿನ ಮಿಲೇನಿಯಮ್ ತಂತ್ರಜ್ಞಾನ ಪ್ರಶಸ್ತಿಯೂ ಬಂದವು. ಕನ್ನಡ ಪಠ್ಯಗಳಲ್ಲಿ ಅವರ ಹೆಸರು ಈಗಿರುವುದಕ್ಕಿಂತ ಹೆಚ್ಚು ಕಾಣಿಸಬೇಕಿತ್ತು. ಆದರೆ ಐಜಿಬಿಟಿಯಲ್ಲೂ ತಾಳಿಕೆ ಹೆಚ್ಚಾದಂತೆ ಶಾಖ ಮತ್ತು ಬೆಲೆ ಹೆಚ್ಚುತ್ತವೆ, ಮುಚ್ಚುವ ವೇಗ ಕುಗ್ಗುತ್ತದೆ. ಏರಿಯನ್ನು ಎಷ್ಟೇ ಎತ್ತರಿಸಿದರೂ ಕೋಡಿ ಬೇಕೇ ಬೇಕು.

ಕೋಡಿಗಿಂತ ಮೊದಲು ಮಾಡಬೇಕಾದ ಕೆಲಸವೊಂದಿದೆ, ಅದಕ್ಕೆ ಬಿಡಿಭಾಗದ ಖರ್ಚೇ ಇಲ್ಲ: ಪ್ರವಾಹ ಹೋಗುವ ಮತ್ತು ಮರಳುವ ದಾರಿಗಳನ್ನು ಒಂದಕ್ಕೊಂದು ಅಂಟಿಸಿದಂತೆ ಇಡುವುದು. ಹೋಗುವ ಪಟ್ಟಿಯ ಕಾಂತಕ್ಷೇತ್ರವನ್ನು ಮರಳುವ ಪಟ್ಟಿಯ ಕಾಂತಕ್ಷೇತ್ರ ಬಹುಪಾಲು ಅಳಿಸಿಹಾಕುವುದರಿಂದ ಪ್ರೇರಕತೆ ತಾನಾಗಿ ತಗ್ಗುತ್ತದೆ. ದೊಡ್ಡ ಇನ್ವರ್ಟರುಗಳಲ್ಲಿ ಎರಡು ಅಗಲವಾದ ತಾಮ್ರದ ಹಾಳೆಗಳ ನಡುವೆ ತೆಳುವಾದ ನಿರೋಧಕ ಹಾಳೆಯನ್ನಿಟ್ಟು ಮಾಡಿದ ಬಸ್‌ಬಾರು ಇರುವುದು ಇದಕ್ಕಾಗಿ. ಮಾಡ್ಯೂಲಿನ ತಲೆಯ ಮೇಲೆಯೇ, ಒಂದು ಅಂಗುಲ ತಂತಿಯೂ ನಡುವೆ ಇಲ್ಲದಂತೆ, ಪಾಲಿಪ್ರೊಪಿಲೀನ್ ಫಿಲ್ಮಿನ ಪುಟ್ಟ ಕೆಪಾಸಿಟರೊಂದನ್ನು ಬಿಗಿದಿರುವುದೂ ಇದಕ್ಕಾಗಿ. ರಿಪೇರಿಯ ವೇಳೆ ಈ ಕೆಪಾಸಿಟರನ್ನು ಅನುಕೂಲಕ್ಕೆಂದು ನಾಲ್ಕಂಗುಲ ತಂತಿ ಸೇರಿಸಿ ಪಕ್ಕಕ್ಕೆ ಕೂರಿಸಿದರೆ, ಅದನ್ನು ಹಾಕಿದ ಉದ್ದೇಶವೇ ಕೆಟ್ಟಂತೆ.

ಇನ್ನು ಕೋಡಿಯ ಬಗೆಗಳು. ಅತ್ಯಂತ ಹಳೆಯದು ಮತ್ತು ಸರಳವಾದುದು ಸ್ನಬ್ಬರು: ಟ್ರಾನ್ಸಿಸ್ಟರಿಗೆ ಸಮಾಂತರವಾಗಿ ಒಂದು ಕೆಪಾಸಿಟರು, ಅದರೊಡನೆ ಸರಣಿಯಲ್ಲಿ ಒಂದು ರೋಧಕ. ಮುಚ್ಚುವ ಕ್ಷಣದಲ್ಲಿ ದಿಕ್ಕು ತಪ್ಪಿದ ಪ್ರವಾಹ ಕೆಪಾಸಿಟರಿಗೆ ನುಗ್ಗುತ್ತದೆ, ವೋಲ್ಟೇಜು ನಿಧಾನವಾಗಿ ಏರುತ್ತದೆ, ಅನಂತರದ ತೂಗಾಟವನ್ನು ರೋಧಕ ಶಾಖವಾಗಿ ಕರಗಿಸುತ್ತದೆ. ವಿಲಿಯಂ ಮ್ಯಾಕ್‌ಮರೇ 1972ರಲ್ಲಿ ಈ ಕೆಪಾಸಿಟರು ಮತ್ತು ರೋಧಕಗಳ ಮೌಲ್ಯಗಳನ್ನು ಲೆಕ್ಕಹಾಕುವ ಕ್ರಮವನ್ನು ಪ್ರಕಟಿಸಿದ ಮೇಲೆ ಇದು ಅಂದಾಜಿನ ಕೆಲಸವಾಗಿ ಉಳಿಯಲಿಲ್ಲ. ಆದರೆ ಸ್ನಬ್ಬರಿಗೆ ಬೆಲೆ ತೆರಬೇಕು: ಒಂದು ನ್ಯಾನೊಫ್ಯಾರಡಿನ ಕೆಪಾಸಿಟರು ಆರುನೂರು ವೋಲ್ಟಿನಲ್ಲಿ ಸೆಕೆಂಡಿಗೆ ಹತ್ತು ಸಾವಿರ ಸಲ ತುಂಬಿ ಬರಿದಾದರೆ 3.6 ವಾಟ್ ಶಾಖ, ಒಂದು ಲಕ್ಷ ಸಲವಾದರೆ 36 ವಾಟ್. ನಲವತ್ತು ಡಿಗ್ರಿ ಬಿಸಿಲಿನಲ್ಲಿ ಮುಚ್ಚಿದ ಪೆಟ್ಟಿಗೆಯೊಳಗೆ ಇದು ಸಣ್ಣ ಮಾತಲ್ಲ.

ಎರಡನೆಯ ಬಗೆ ನಿಜವಾದ ಅರ್ಥದಲ್ಲಿ ಕೋಡಿ: ನಿಗದಿಯಾದ ಮಟ್ಟದವರೆಗೆ ಸುಮ್ಮನಿದ್ದು, ಅದನ್ನು ಮೀರಿದೊಡನೆ ಹರಿಯಗೊಡುವ ಸಾಧನ. ಸತುವಿನ ಆಕ್ಸೈಡಿನ ಪುಡಿಯನ್ನು ಬಿಲ್ಲೆಯಾಗಿ ಸುಟ್ಟು ತಯಾರಿಸುವ ವೇರಿಸ್ಟರು, ಮತ್ತು ಸಿಲಿಕಾನಿನ ಟಿವಿಎಸ್ ಡಯೋಡು ಇವುಗಳಲ್ಲಿ ಮುಖ್ಯವಾದವು. ವೇರಿಸ್ಟರಿನ ವಿಷಯದಲ್ಲಿ ಅದರ ಮೈಮೇಲೆ ಬರೆದ ಸಂಖ್ಯೆಯನ್ನೇ ರಕ್ಷಣೆಯ ಮಟ್ಟವೆಂದು ತಿಳಿಯುವ ತಪ್ಪು ವ್ಯಾಪಕವಾಗಿದೆ. 415 ವೋಲ್ಟಿನ ಲೈನಿಗೆ ಹಾಕುವ, 510 ವೋಲ್ಟಿನವರೆಗೆ ನಿರಂತರವಾಗಿ ತಾಳುವ ಸಾಮಾನ್ಯ ವೇರಿಸ್ಟರು, ಸಿಡಿಲಿನ ಪ್ರವಾಹ ನೂರು ಆಂಪಿಯರಿನಷ್ಟು ಬಂದಾಗ ವೋಲ್ಟೇಜನ್ನು ಹಿಡಿದು ನಿಲ್ಲಿಸುವುದು ಸುಮಾರು 1350ರಲ್ಲಿ. 1200 ವೋಲ್ಟಿನ ಟ್ರಾನ್ಸಿಸ್ಟರಿಗೆ ಅದೊಂದೇ ಆಸರೆಯಾಗಿದ್ದರೆ ಕೋಡಿ ಏರಿಗಿಂತ ಎತ್ತರವಾದಂತೆ. ಅದಕ್ಕಾಗಿಯೇ ಲೈನಿನ ಬಾಯಲ್ಲಿ ವೇರಿಸ್ಟರು, ನಡುವೆ ಚೋಕು, ಒಳಗೆ ದೊಡ್ಡ ಕೆಪಾಸಿಟರು ಎಂದು ಹಂತಹಂತವಾಗಿ ತಡೆಯಬೇಕು. ಪ್ರತಿ ಸಿಡಿಲಿಗೂ ವೇರಿಸ್ಟರು ಸ್ವಲ್ಪ ಸವೆಯುತ್ತದೆ ಎಂಬುದನ್ನೂ ಮರೆಯಬಾರದು. ಮುಂಗಾರಿಗೆ ಮುನ್ನ ಬರುವ ಗುಡುಗುಮಳೆಗಳ ಈ ಸೀಮೆಯಲ್ಲಿ ಅದನ್ನು ಕೆಲವು ವರ್ಷಗಳಿಗೊಮ್ಮೆ ಬದಲಿಸಬೇಕಾದ ಬಿಡಿಭಾಗವೆಂದೇ ಎಣಿಸುವುದು ಲೇಸು.

ಮೂರನೆಯ ಬಗೆ ಹೆಚ್ಚು ಜಾಣತನದ್ದು. ಟ್ರಾನ್ಸಿಸ್ಟರಿನ ಮೇಲಿನ ತುದಿಯಿಂದ ಅದರ ನಿಯಂತ್ರಣದ ತುದಿಯಾದ ಗೇಟಿಗೆ ಟಿವಿಎಸ್ ಡಯೋಡುಗಳ ಒಂದು ಸರಣಿಯನ್ನು ಜೋಡಿಸಿದರೆ, ವೋಲ್ಟೇಜು ಅಪಾಯದ ಮಟ್ಟ ಮುಟ್ಟಿದಾಗ ಆ ಡಯೋಡುಗಳು ಗೇಟಿಗೆ ಸ್ವಲ್ಪ ಪ್ರವಾಹ ಬಿಟ್ಟು ಟ್ರಾನ್ಸಿಸ್ಟರನ್ನೇ ಅರೆಬರೆ ತೆರೆಯುತ್ತವೆ. ಬೇರೆ ಕೋಡಿ ಕಟ್ಟದೆ, ಮುಚ್ಚುತ್ತಿರುವ ತೂಬನ್ನೇ ಗೇಣುಗೇಣಾಗಿ ಇಳಿಸುವ ನೀರುಗಂಟಿಯ ಕ್ರಮ ಇದು.

ಸೌರ ಪಂಪಿನ ವಿಷಯ ಸ್ವಲ್ಪ ವಿವರವಾಗಿ ನೋಡತಕ್ಕದ್ದು, ಏಕೆಂದರೆ ಅಲ್ಲಿನ ಅಪಾಯ ಸಾಮಾನ್ಯ ಊಹೆಗೆ ವಿರುದ್ಧವಾಗಿದೆ. ಬಿಸಿಲು ಉರಿಯುವ ಏಪ್ರಿಲ್ ಮಧ್ಯಾಹ್ನದಲ್ಲಿ ಫಲಕದ ವೋಲ್ಟೇಜು ಅತಿ ಹೆಚ್ಚು ಇರುತ್ತದೆಂದು ಅನ್ನಿಸಬಹುದು. ವಾಸ್ತವವಾಗಿ ಸಿಲಿಕಾನ್ ಫಲಕದ ವೋಲ್ಟೇಜು ಕಾವು ಏರಿದಂತೆ ಇಳಿಯುತ್ತದೆ, ಡಿಗ್ರಿಗೆ ಸುಮಾರು ಶೇಕಡಾ 0.3ರಷ್ಟು. ಹೊರೆಯಿಲ್ಲದಾಗ 25 ಡಿಗ್ರಿಯಲ್ಲಿ 50 ವೋಲ್ಟ್ ಕೊಡುವ 16 ಫಲಕಗಳ ಸರಣಿ ಕಾಗದದ ಮೇಲೆ 800 ವೋಲ್ಟಿನದು. ಬೇಸಗೆಯ ನಡುಹಗಲಲ್ಲಿ ಫಲಕ 65 ಡಿಗ್ರಿಗೆ ಕಾದಾಗ ಅದು 704ಕ್ಕೆ ಇಳಿಯುತ್ತದೆ. ಪುಷ್ಯಮಾಸದ ಬೆಳಿಗ್ಗೆ ಬಿಸಿಲು ಏರಿಯೂ ಫಲಕ ಇನ್ನೂ 15 ಡಿಗ್ರಿಯಲ್ಲಿರುವ ಹೊತ್ತಿನಲ್ಲಿ 824ಕ್ಕೆ ಏರುತ್ತದೆ. ಆ ಹೊತ್ತಿಗೆ ಪಂಪು ಇನ್ನೂ ಹೊರಟಿರುವುದಿಲ್ಲ, ಹೊರೆಯಿಲ್ಲದ ಪೂರ್ತಿ ವೋಲ್ಟೇಜು ಕಂಟ್ರೋಲರಿನ ಮೇಲೆ ಕುಳಿತಿರುತ್ತದೆ. ಗರಿಷ್ಠ 800 ವೋಲ್ಟ್ ಎಂದು ಬರೆದಿರುವ ಕಂಟ್ರೋಲರಿಗೆ ನೀರು ಹೆಚ್ಚು ಬರಲೆಂದು ಒಂದೆರಡು ಫಲಕ ಹೆಚ್ಚಾಗಿ ಸೇರಿಸಿದರೆ ಮೊದಲು ಸಾಯುವುದು ನಾಲ್ಕುನೂರು ವೋಲ್ಟಿನ ಎರಡೆರಡನ್ನು ಸರಣಿಯಲ್ಲಿಟ್ಟ ಕೆಪಾಸಿಟರುಗಳು, ಆಮೇಲೆ ಟ್ರಾನ್ಸಿಸ್ಟರು.

ಇನ್ನೊಂದು ತೊಡಕು ಕೊಳವೆಬಾವಿಯ ಆಳದ್ದು. ಸಾವಿರ ಅಡಿಯ ಬಾವಿ ಈ ಸೀಮೆಯಲ್ಲಿ ಅಪರೂಪವಲ್ಲ, ಅಂದರೆ ಕಂಟ್ರೋಲರಿಗೂ ಮೋಟಾರಿಗೂ ನಡುವೆ ಮುನ್ನೂರು ಮೀಟರ್ ಕೇಬಲ್ಲು. ಟ್ರಾನ್ಸಿಸ್ಟರು ಹೊರಡಿಸುವ ಚೌಕಾಕಾರದ ವೋಲ್ಟೇಜು ಅಲೆ ಈ ಕೇಬಲ್ಲಿನಲ್ಲಿ ಕೆಳಗೆ ತಲುಪಲು ಎರಡು ಮೈಕ್ರೊಸೆಕೆಂಡಿನಷ್ಟು ತೆಗೆದುಕೊಳ್ಳುತ್ತದೆ, ಮೋಟಾರಿಗೆ ಬಡಿದು ಹಿಂತಿರುಗುವಾಗ ಮೋಟಾರಿನ ಬಾಯಲ್ಲಿ ವೋಲ್ಟೇಜು ಹೆಚ್ಚುಕಡಮೆ ಇಮ್ಮಡಿಯಾಗುತ್ತದೆ: ಆರುನೂರು ಹನ್ನೆರಡುನೂರಾಗುತ್ತದೆ. ಇದರಿಂದ ಮೊದಲು ನಲುಗುವುದು ಮೋಟಾರಿನ ವೈಂಡಿಂಗು. ಆದರೆ ಉದ್ದನೆಯ ಕೇಬಲ್ಲು ತಾನೇ ಒಂದು ಕೆಪಾಸಿಟರಿನಂತೆ ವರ್ತಿಸಿ ಪ್ರತಿ ಸಲವೂ ಟ್ರಾನ್ಸಿಸ್ಟರಿನಿಂದ ಪ್ರವಾಹದ ಗುಕ್ಕನ್ನು ಸೆಳೆಯುವುದರಿಂದ ಮೇಲಿನ ಪೆಟ್ಟಿಗೆಗೂ ಪೆಟ್ಟು ತಪ್ಪಿದ್ದಲ್ಲ. ಕಂಟ್ರೋಲರಿನ ಹೊರಬಾಯಲ್ಲಿ ಅಲೆಯ ಅಂಚನ್ನು ಮೊಂಡಾಗಿಸುವ ಚೋಕು ಅಥವಾ ಫಿಲ್ಟರು ಇರಬೇಕಾದುದು ಇದಕ್ಕಾಗಿ. ಬಾವಿ ಆಳವಾದಷ್ಟೂ ಅದರ ಅಗತ್ಯ ಹೆಚ್ಚು.

ಹೊಲದಿಂದ ಮನೆಗೆ ಬಂದರೆ ಅಲ್ಲಿನ ಪ್ರಕರಣ ಬೇರೆ. ಹಳ್ಳಿಯ ಟ್ರಾನ್ಸ್‌ಫಾರ್ಮರಿನಿಂದ ಬರುವ ನ್ಯೂಟ್ರಲ್ ತಂತಿ ಕಡಿದಾಗ ಅಥವಾ ಸಡಿಲವಾದಾಗ, ಕಡಿಮೆ ಹೊರೆಯಿರುವ ಫೇಸಿನ ಮನೆಗಳಿಗೆ 230ರ ಬದಲು ನಾಲ್ಕುನೂರರ ಹತ್ತಿರ ಬಂದುಬಿಡುತ್ತದೆ. ಟಿವಿ ಮತ್ತು ಚಾರ್ಜರುಗಳ ಒಳಗೆ ಸಾಮಾನ್ಯ ಸಮಯದಲ್ಲಿ 325 ವೋಲ್ಟ್ ನೇರ ವಿದ್ಯುತ್ತು ಇರುತ್ತದೆ. ಅವುಗಳೊಳಗಿನ ಪುಟ್ಟ ಟ್ರಾನ್ಸ್‌ಫಾರ್ಮರಿನ ಸುರುಳಿಯಿಂದ ಮರಳುವ ನೂರು ಚಿಲ್ಲರೆ, ಅದರ ಸೋರಿಕೆ ಪ್ರೇರಕತೆಯಿಂದ ಕ್ಷಣಮಾತ್ರ ಏಳುವ ವೋಲ್ಟೇಜಿನ ಮೊನೆ ಇನ್ನೊಂದು ನೂರು ಸೇರಿ ಅಲ್ಲಿನ 650 ವೋಲ್ಟಿನ ಮಾಸ್‌ಫೆಟ್ಟು ದಿನವೂ 550ರ ಆಚೀಚೆ ಬದುಕುತ್ತಿರುತ್ತದೆ. ನಾಲ್ಕುನೂರು ಬಂದಾಗ ಒಳಗಿನ ನೇರ ವಿದ್ಯುತ್ತೇ 565 ಆಗುತ್ತದೆ, ಮೇಲಿನ ಇನ್ನೂರಕ್ಕೆ ಜಾಗವೇ ಇಲ್ಲ. ಇದು ಕ್ಷಣದ ಮೊನೆಯಲ್ಲ, ಗಂಟೆಗಟ್ಟಲೆ ಇರುವ ಏರಿಕೆಯಾದ್ದರಿಂದ ಯಾವ ವೇರಿಸ್ಟರೂ ಇದನ್ನು ಕುಡಿದು ಮುಗಿಸಲಾರದು. ಬೇಕಾದುದು ಲೈನನ್ನೇ ಕಡಿಯುವ ಅತಿವೋಲ್ಟೇಜ್ ರಿಲೇ. ತೆರಿಗೆ ಕಟ್ಟಿ, ಬಿಲ್ಲು ಕಟ್ಟಿ, ಒಂದೇ ಸಂಜೆಗೆ ಬೀದಿಯುದ್ದಕ್ಕೂ ಟಿವಿಗಳನ್ನು ಕಳೆದುಕೊಳ್ಳುವ ಬಡವರ ನಷ್ಟವನ್ನು ಸಣ್ಣದೆಂದು ತಳ್ಳುವುದು ನ್ಯಾಯವಲ್ಲ.

ಗುಡ್ಡದ ಮೇಲಿನ ಗಾಳಿಯಂತ್ರಗಳಲ್ಲಿ ಕೋಡಿಗೆ ಬೇರೆಯೇ ಹೆಸರಿದೆ. ಬಹಳಷ್ಟು ಯಂತ್ರಗಳಲ್ಲಿ ಜನರೇಟರಿನ ಹೊರಸುರುಳಿ ನೇರವಾಗಿ ಗ್ರಿಡ್ಡಿಗೂ, ತಿರುಗುವ ಒಳಸುರುಳಿ ಐಜಿಬಿಟಿಗಳ ಮೂಲಕವೂ ಜೋಡಣೆಯಾಗಿರುತ್ತದೆ. ಒಟ್ಟು ಶಕ್ತಿಯ ಮೂರನೆಯ ಒಂದು ಭಾಗದಷ್ಟು ಮಾತ್ರ ಟ್ರಾನ್ಸಿಸ್ಟರಿನ ಮೂಲಕ ಹಾಯುವುದರಿಂದ ಇದು ಅಗ್ಗ. ಆದರೆ ದೂರದಲ್ಲೆಲ್ಲೋ ಲೈನು ಶಾರ್ಟಾಗಿ ಗ್ರಿಡ್ಡಿನ ವೋಲ್ಟೇಜು ಕುಸಿದರೆ ಒಳಸುರುಳಿಯಲ್ಲಿ ವೋಲ್ಟೇಜು ಹಠಾತ್ತನೆ ಜಿಗಿಯುತ್ತದೆ. ಹಿಂದೆ ಅಂಥ ಹೊತ್ತಿನಲ್ಲಿ ಯಂತ್ರವನ್ನು ಗ್ರಿಡ್ಡಿನಿಂದ ಬಿಡಿಸಿಬಿಡುತ್ತಿದ್ದರು. ನೂರಾರು ಯಂತ್ರಗಳು ಒಟ್ಟಿಗೆ ಬಿಡಿಸಿಕೊಂಡರೆ ಗ್ರಿಡ್ಡು ಇನ್ನಷ್ಟು ಕುಸಿಯುವುದರಿಂದ, ಕೇಂದ್ರ ವಿದ್ಯುತ್ ಪ್ರಾಧಿಕಾರ 2013ರ ತಿದ್ದುಪಡಿಯಲ್ಲಿ ಹೊಸ ಗಾಳಿಯಂತ್ರಗಳು ಇಂಥ ಕುಸಿತವನ್ನು ತಾಳಿಕೊಂಡು ಜೊತೆಗೇ ಇರಬೇಕೆಂದು ವಿಧಿಸಿತು. ಆಗ ಟ್ರಾನ್ಸಿಸ್ಟರನ್ನು ಉಳಿಸುವುದು ಕ್ರೋಬಾರು: ಒಳಸುರುಳಿಯ ಪ್ರವಾಹವನ್ನು ಕೆಲವು ಮಿಲಿಸೆಕೆಂಡುಗಳ ಕಾಲ ಒಂದು ದೊಡ್ಡ ರೋಧಕಕ್ಕೆ ತಿರುಗಿಸುವ ವ್ಯವಸ್ಥೆ.

ಪಾವಗಡದ ಪಾರ್ಕು 13,000 ಎಕರೆಯಲ್ಲಿ, ತಿರುಮಣಿಯೂ ಸೇರಿ ಐದು ಹಳ್ಳಿಗಳಲ್ಲಿ ಹರಡಿದ್ದು, ಅದರ ಸಾಮರ್ಥ್ಯ 2,050 ಮೆಗಾವಾಟ್. ಇಂಥ ಪಾರ್ಕುಗಳಲ್ಲಿ ತಂತಿಯ ನಷ್ಟ ತಗ್ಗಿಸಲು ಫಲಕಗಳ ಸರಣಿಯ ವೋಲ್ಟೇಜನ್ನು ಮೊದಲಿದ್ದ 1,000ದಿಂದ 1,500ಕ್ಕೆ ಏರಿಸುವುದು ಲೋಕರೂಢಿಯಾದಾಗ, 1,200 ವೋಲ್ಟಿನ ಟ್ರಾನ್ಸಿಸ್ಟರು ಅಲ್ಲಿ ಹೇಗೆ ನಿಲ್ಲುತ್ತದೆಂಬ ಪ್ರಶ್ನೆ ಎದ್ದಿತು. ಉತ್ತರ 1981ರಷ್ಟು ಹಿಂದೆಯೇ ಜಪಾನಿನ ನಬಾಯೆ, ತಕಹಾಶಿ ಮತ್ತು ಅಕಾಗಿ ಪ್ರಕಟಿಸಿದ ಮೂರು ಮಟ್ಟದ ಇನ್ವರ್ಟರಿನಲ್ಲಿತ್ತು: ಪೂರ್ತಿ ವೋಲ್ಟೇಜನ್ನು ಎರಡು ಕೆಪಾಸಿಟರುಗಳ ನಡುವೆ ಪಾಲುಮಾಡಿ, ಡಯೋಡುಗಳ ಮೂಲಕ ಪ್ರತಿ ಟ್ರಾನ್ಸಿಸ್ಟರಿನ ಮೇಲೆ ಅರ್ಧ, ಅಂದರೆ 750 ವೋಲ್ಟ್ ಮಾತ್ರ ಬೀಳುವಂತೆ ಕಟ್ಟುವುದು. ಒಂದೇ ದೊಡ್ಡ ಏರಿಯ ಬದಲು ಒಂದರ ಕೆಳಗೊಂದು ಎರಡು ಕೆರೆ ಕಟ್ಟಿದಂತೆ. ಇಂಥ ಬಹುಮಟ್ಟದ ಇನ್ವರ್ಟರುಗಳ ಬಗ್ಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಕೆ. ಗೋಪಕುಮಾರ್ ಮತ್ತು ಅವರ ವಿದ್ಯಾರ್ಥಿಗಳು ದೀರ್ಘಕಾಲ ನಡೆಸಿದ ಸಂಶೋಧನೆಗೆ ಜಗತ್ತಿನಲ್ಲಿ ಮನ್ನಣೆಯಿದೆ.

ಮೊನೆಯನ್ನೆಲ್ಲ ತಡೆದು, ಮಟ್ಟವನ್ನು ಮಿತಿಯೊಳಗಿಟ್ಟರೂ ಟ್ರಾನ್ಸಿಸ್ಟರುಗಳು ಕಾಣುವ ಕಾರಣವಿಲ್ಲದೆ ಸಾಯುವುದನ್ನು 1990ರ ದಶಕದ ಆರಂಭದಲ್ಲಿ ಯುರೋಪಿನ ತಜ್ಞರು ಗಮನಿಸಿದರು. ಅದೇ ಸಾಧನಗಳನ್ನು ಉಪ್ಪಿನ ಗಣಿಯ ಆಳಕ್ಕೆ ಒಯ್ದು ಅದೇ ವೋಲ್ಟೇಜಿನಲ್ಲಿಟ್ಟಾಗ ಸಾವು ನಿಂತಿತು. ಕೊಲ್ಲುತ್ತಿದ್ದುದು ಆಕಾಶದಿಂದ ಬರುವ ವಿಶ್ವಕಿರಣಗಳು ವಾಯುಮಂಡಲದಲ್ಲಿ ಹುಟ್ಟಿಸುವ ನ್ಯೂಟ್ರಾನುಗಳು; ಅವುಗಳಲ್ಲೊಂದು ಹೆಚ್ಚಿನ ವಿದ್ಯುತ್ ಕ್ಷೇತ್ರದಲ್ಲಿರುವ ಸಿಲಿಕಾನ್ ಪರಮಾಣುವಿಗೆ ಬಡಿದರೆ ಆ ಒಂದು ಬಿಂದುವಿನಲ್ಲಿ ಅವಲಾಂಚ್ ಹೊತ್ತಿಕೊಳ್ಳುತ್ತದೆ. ಕನ್ನಡ ನಾಡಿನ ಓದುಗರಿಗೆ ಈ ವಿಧಾನ ಪರಿಚಿತವಾಗಿಯೇ ಕಾಣಬೇಕು: ವಿಶ್ವಕಿರಣದ ಗದ್ದಲದಿಂದ ತಪ್ಪಿಸಿಕೊಳ್ಳಲೆಂದೇ ನಂಜನಗೂಡಿನ ಬಿ. ವಿ. ಶ್ರೀಕಂಠನ್ ಮೊದಲಾದವರು ಕೋಲಾರದ ಚಿನ್ನದ ಗಣಿಯ ಆಳಕ್ಕೆ ಉಪಕರಣಗಳನ್ನು ಇಳಿಸಿದರು, ಮತ್ತು ಅಲ್ಲಿಯೇ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, 1965ರಲ್ಲಿ ವಾಯುಮಂಡಲದ ನ್ಯೂಟ್ರಿನೊಗಳ ಗುರುತು ಸಿಕ್ಕಿತು. ಟ್ರಾನ್ಸಿಸ್ಟರನ್ನು ಗಣಿಯಲ್ಲಿಟ್ಟು ಪಂಪು ನಡೆಸಲಾಗದು. ಇಲ್ಲಿರುವ ಉಪಾಯ ಒಂದೇ, ಮಿತಿಯ ಸಮೀಪಕ್ಕೆ ಹೋಗದಿರುವುದು. ಈ ಬಗೆಯ ಸಾವಿನ ಸಂಭವ ವೋಲ್ಟೇಜಿನೊಡನೆ ಅತ್ಯಂತ ಕಡಿದಾಗಿ ಏರುವುದರಿಂದ, 1,200 ವೋಲ್ಟಿನ ಸಾಧನದ ಮೇಲೆ ಸದಾ ಇರುವ ವೋಲ್ಟೇಜು ಅದರ ಮೂರನೆಯ ಎರಡು ಭಾಗದ ಆಸುಪಾಸಿನಲ್ಲಿ, ಅಂದರೆ 800ರ ಒಳಗೆ ಇರಬೇಕೆಂಬುದು ವಿನ್ಯಾಸಕಾರರ ರೂಢಿ. ಪುಷ್ಯದ ಬೆಳಗಿನ 824 ವೋಲ್ಟನ್ನು ಈ ಬೆಳಕಿನಲ್ಲೂ ನೋಡಬೇಕು.

ಗೇಟಿನ ವಿಷಯ ಚಿಕ್ಕದು, ಆದರೆ ಬಿಡುವಂತಿಲ್ಲ. ಗೇಟಿನ ಕೆಳಗಿರುವ ಗಾಜಿನಂಥ ಪದರದ ದಪ್ಪ ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗದಷ್ಟು. ಅದರ ಮಿತಿ ಸಾಮಾನ್ಯವಾಗಿ 20 ವೋಲ್ಟ್. ಒಣಹವೆಯಲ್ಲಿ ಪಾಲಿಯೆಸ್ಟರ್ ಬಟ್ಟೆ ತೊಟ್ಟ ಮನುಷ್ಯನ ಮೈಮೇಲೆ ಸಾವಿರಾರು ವೋಲ್ಟಿನ ಸ್ಥಿರವಿದ್ಯುತ್ತು ಇರಬಹುದಾದ್ದರಿಂದ, ಬರಿಗೈಯಲ್ಲಿ ಮುಟ್ಟಿದ ಮಾಸ್‌ಫೆಟ್ಟು ಬೋರ್ಡಿಗೆ ಏರುವ ಮೊದಲೇ ಗಾಯಗೊಂಡಿರಬಹುದು. ಗೇಟಿಗೆ ಅಡ್ಡಲಾಗಿ 15ರಿಂದ 18 ವೋಲ್ಟಿನ ಝೀನರ್ ಡಯೋಡು, ಹತ್ತು ಕಿಲೋಓಮಿನ ರೋಧಕ, ಗೇಟಿಗೆ ಹೋಗುವ ತಂತಿಗಳ ಹೆಣಿಗೆ, ಇಷ್ಟರಿಂದ ಬಹುಪಾಲು ರಕ್ಷಣೆ ಸಿಗುತ್ತದೆ. ಇದಕ್ಕೆ ಸೇರಿದ ಇನ್ನೊಂದು ಸೂಕ್ಷ್ಮವೆಂದರೆ ಶಾರ್ಟ್ ಆದಾಗಿನ ನಡವಳಿಕೆ: ಹಳೆಯ ಬಗೆಯ ಐಜಿಬಿಟಿಗಳು ಶಾರ್ಟ್ ಪ್ರವಾಹವನ್ನು ಸುಮಾರು ಹತ್ತು ಮೈಕ್ರೊಸೆಕೆಂಡು ತಾಳಬಲ್ಲವು, ಅಷ್ಟರೊಳಗೆ ಗೇಟ್ ಡ್ರೈವರು ಅವನ್ನು ಮುಚ್ಚಬೇಕು, ಆದರೆ ಆಗ ಹರಿಯುತ್ತಿರುವುದು ಮಾಮೂಲಿಗಿಂತ ನಾಲ್ಕಾರು ಪಟ್ಟು ಪ್ರವಾಹವಾದ್ದರಿಂದ ಮಾಮೂಲಿ ವೇಗದಲ್ಲಿ ಮುಚ್ಚಿದರೆ ಹುಟ್ಟುವ ವೋಲ್ಟೇಜೇ ಟ್ರಾನ್ಸಿಸ್ಟರನ್ನು ಕೊಲ್ಲುತ್ತದೆ. ಬೇಗ ಗುರುತಿಸಬೇಕು, ಮೆಲ್ಲಗೆ ಮುಚ್ಚಬೇಕು.

ಈ ಲೆಕ್ಕಾಚಾರಗಳೆಲ್ಲ ಕೊನೆಗೆ ಪರೀಕ್ಷೆಗೆ ಒಳಗಾಗುವುದು ಸಣ್ಣ ಊರುಗಳ ರಿಪೇರಿ ಅಂಗಡಿಗಳಲ್ಲಿ. ಅಲ್ಲಿ ದುಡಿಯುವವರು ಬಹಳಮಂದಿ ಕನ್ನಡ ಅಥವಾ ತೆಲುಗು ಮಾಧ್ಯಮದಲ್ಲಿ ಓದಿ ಐಟಿಐ ಮುಗಿಸಿದವರು. ಟ್ರಾನ್ಸಿಸ್ಟರಿನ ವಿವರಪತ್ರ ಇಂಗ್ಲಿಷಿನಲ್ಲಿದೆ, ಸ್ನಬ್ಬರಿನ ಲೆಕ್ಕ ಇಂಗ್ಲಿಷಿನಲ್ಲಿದೆ, ಅವರ ಕೈಯಲ್ಲಿರುವುದು ಅನುಭವ ಮಾತ್ರ. ಆ ಅನುಭವ ಕಡಿಮೆಯದಲ್ಲ. ಹೊಸ ಮಾಡ್ಯೂಲು ಹಾಕಿದ ಮೇಲೆ ಬೋರ್ಡನ್ನು ನೇರವಾಗಿ ಲೈನಿಗೆ ಕೊಡದೆ ಸೀರೀಸ್ ಬಲ್ಬಿನ ಮೂಲಕ ಕೊಡುವ ಅವರ ಪದ್ಧತಿ, ತಪ್ಪಿದ್ದರೆ ಬಲ್ಬು ಉರಿಯಲಿ, ಟ್ರಾನ್ಸಿಸ್ಟರು ಉಳಿಯಲಿ ಎಂಬ ಶುದ್ಧ ಎಂಜಿನಿಯರಿಂಗ್ ವಿವೇಕ. ಅದಕ್ಕೆ ಕೂಡಿಸಬೇಕಾದುದು ಇಷ್ಟು: ಸತ್ತ ಮಾಡ್ಯೂಲಿನೊಡನೆ ಅದರ ಪಕ್ಕದ ಫಿಲ್ಮ್ ಕೆಪಾಸಿಟರು, ಸ್ನಬ್ಬರಿನ ರೋಧಕ, ಗೇಟಿನ ಝೀನರು, ಲೈನಿನ ವೇರಿಸ್ಟರು ಇವುಗಳನ್ನೂ ಬಿಚ್ಚಿ ಅಳೆಯಬೇಕು, ಏಕೆಂದರೆ ಟ್ರಾನ್ಸಿಸ್ಟರಿಗಿಂತ ಮೊದಲು ಸತ್ತದ್ದು ಅವುಗಳಲ್ಲೊಂದಾಗಿರುವ ಸಾಧ್ಯತೆ ಹೆಚ್ಚು, ಬೋರ್ಡಿನ ಮೇಲೆ ಬಿಡಿಭಾಗದ ಗುರುತು ಅಚ್ಚಾಗಿದ್ದು ಅಲ್ಲಿ ಬಿಡಿಭಾಗವೇ ಇಲ್ಲದ ಖಾಲಿ ಜಾಗ ಕಂಡರೆ, ಬೆಲೆ ತಗ್ಗಿಸಲು ಕೈಬಿಟ್ಟದ್ದು ಯಾವುದೆಂದು ಹುಡುಕಿ ತುಂಬಬೇಕು, ಮತ್ತು ಹೊಲಕ್ಕೆ ಹೋಗಿ ಫಲಕಗಳನ್ನು ಎಣಿಸಿ, ಚಳಿಗಾಲದ ಬೆಳಿಗ್ಗೆ ಎಂಟರ ಹೊತ್ತಿಗೆ, ಪಂಪು ಹೊರಡುವ ಮುನ್ನ, ಪೆಟ್ಟಿಗೆಯ ಬಾಯಲ್ಲಿ ಎಷ್ಟು ವೋಲ್ಟಿದೆಯೆಂದು ಮೀಟರು ಹಿಡಿದು ನೋಡಬೇಕು.